ಸಿಂಗಪುರದ ಸಾಮಾಜಿಕ ಉದ್ಯಮಗಳು: ಅಂಚಿನಿಂದ ಪೇಟೆಯ ನಡುವಿಗೆ

ಸಮಾಜದ ಯಾವುದಾದರೊಂದು ಕೊರತೆಯನ್ನು ನೀಗಿಸಲೆಂದೇ ಹುಟ್ಟಿ, ಅದಕ್ಕೆ ಬೇಕಾದ ಹಣದ ಬಹುಪಾಲನ್ನು ವ್ಯಾಪಾರದಿಂದ ಗಳಿಸಿಕೊಳ್ಳುವ ಸಂಸ್ಥೆಯನ್ನು ಸಾಮಾಜಿಕ ಉದ್ಯಮ ಎನ್ನುತ್ತಾರೆ. ಕಿವಿ ಕೇಳದ ಯುವಕರಿಗೆ ಕಾಫಿ ತಯಾರಿಸುವ ಕೆಲಸ ಕೊಡುವ ಕೆಫೆ, ಜೈಲಿನಿಂದ ಹೊರಬಂದವರನ್ನು ಅಡುಗೆಮನೆಗೆ ಸೇರಿಸಿಕೊಳ್ಳುವ ಹೋಟೆಲು, ಕಾರ್ಮಿಕರ ಕೈಗೆಟುಕುವ ಬೆಲೆಗೆ ದಿನಸಿ ಮಾರುವ ಸಹಕಾರಿ ಅಂಗಡಿ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ದಾನಿಗಳು ಕೈಬಿಟ್ಟರೆ ದತ್ತಿ ಸಂಸ್ಥೆಯ ಕೆಲಸ ನಿಲ್ಲುತ್ತದೆ. ಸಾಮಾಜಿಕ ಉದ್ಯಮದ ಕೆಲಸ ನಿಲ್ಲುವುದು ಗಿರಾಕಿ ಬಾರದಿದ್ದಾಗ. ಹಾಗಾಗಿ ಜನಸಾಮಾನ್ಯರ ದಿನನಿತ್ಯದ ಕೊಳ್ಳುವಿಕೆಯಲ್ಲಿ ಜಾಗ ಹಿಡಿಯುವುದು ಇಂಥ ಸಂಸ್ಥೆಗಳ ಅಳಿವು ಉಳಿವಿನ ಪ್ರಶ್ನೆ.

ಈ ಪ್ರಯತ್ನವನ್ನು ಅರಿಯಲು ಸಿಂಗಪುರ ಒಳ್ಳೆಯ ಉದಾಹರಣೆ. ದೇಶ ಚಿಕ್ಕದು, ಬಾಡಿಗೆ ದುಬಾರಿ, ಸರ್ಕಾರದ ಯೋಜನೆ ಬಿಗಿ. ದೇಶದ ಅತಿ ದೊಡ್ಡ ಸೂಪರ್ ಮಾರ್ಕೆಟ್ ಸರಪಳಿಯೇ ಅಲ್ಲಿ ಒಂದು ಸಹಕಾರ ಸಂಘ. ಜೊತೆಗೆ ಹತ್ತಿಪ್ಪತ್ತು ಮಂದಿಯ ಪುಟ್ಟ ಕೆಫೆಗಳೂ ಇವೆ. ಮುಖ್ಯವಾಹಿನಿಗೆ ಬರುವುದರ ಲಾಭ, ಅಪಾಯ ಎರಡನ್ನೂ ಆ ದೇಶ ಕಂಡಿದೆ.

ಸಹಕಾರದ ಮೊದಲ ಅಲೆ

ಸಿಂಗಪುರದ ಮೊದಲ ಸಹಕಾರ ಸಂಘ 1925ರಲ್ಲಿ ಹುಟ್ಟಿದ ಸರ್ಕಾರಿ ನೌಕರರ ಉಳಿತಾಯ ಮತ್ತು ಸಾಲ ಸಂಘ. ಲೇವಾದೇವಿಗಾರರ ಬಡ್ಡಿಯಿಂದ ನೌಕರರನ್ನು ಪಾರು ಮಾಡುವುದು ಇಂಥ ಸಂಘಗಳ ಕೆಲಸವಾಗಿತ್ತು. ಇನ್ನೂ ದೊಡ್ಡ ಹೆಜ್ಜೆ ಬಂದದ್ದು ಸ್ವಾತಂತ್ರ್ಯದ ನಂತರ. 1969ರಲ್ಲಿ ರಾಷ್ಟ್ರೀಯ ಕಾರ್ಮಿಕ ಸಂಘಗಳ ಒಕ್ಕೂಟವಾದ ಎನ್‌ಟಿಯುಸಿ ತನ್ನ ಮುಂದಿನ ದಾರಿಯ ಬಗ್ಗೆ ಸಮಾವೇಶ ನಡೆಸಿತು. ಸಂಬಳದ ಬೇಡಿಕೆಯಷ್ಟರಲ್ಲೇ ನಿಲ್ಲದೆ ಕಾರ್ಮಿಕರ ಖರ್ಚು ತಗ್ಗಿಸುವ ಸಹಕಾರ ಸಂಸ್ಥೆಗಳನ್ನೂ ಕಟ್ಟಬೇಕು ಎಂಬ ವಿಚಾರ ಅಲ್ಲಿ ಗಟ್ಟಿಯಾಯಿತು. 1970ರಲ್ಲಿ ವಿಮೆಗಾಗಿ ಎನ್‌ಟಿಯುಸಿ ಇನ್‌ಕಮ್ ಬಂತು. ಅದೇ ಹೊತ್ತಿಗೆ, ಪರವಾನಗಿಯಿಲ್ಲದೆ ಟ್ಯಾಕ್ಸಿ ಓಡಿಸುತ್ತಿದ್ದವರನ್ನು ಕಾನೂನಿನ ಚೌಕಟ್ಟಿಗೆ ತರಲು ಕಂಫರ್ಟ್ ಎಂಬ ಸಹಕಾರ ಸಂಸ್ಥೆ ಹುಟ್ಟಿತು.

1973ರಲ್ಲಿ ಜಗತ್ತಿನೆಲ್ಲೆಡೆ ಬೆಲೆಗಳು ಏರಿದವು. ವರ್ತಕರು ಅಕ್ಕಿ, ಸಕ್ಕರೆ ಕೂಡಿಡುತ್ತಾರೆಂಬ ಭಯ ಹಬ್ಬಿತು. ಆ ವರ್ಷ ಜುಲೈನಲ್ಲಿ ಟೋ ಪಯೋ ಬಡಾವಣೆಯಲ್ಲಿ ಎನ್‌ಟಿಯುಸಿ ವೆಲ್ಕಮ್ ಎಂಬ ಅಂಗಡಿಯನ್ನು ಪ್ರಧಾನಿ ಲೀ ಕುವಾನ್ ಯೂ ತೆರೆದರು. 1983ರಲ್ಲಿ ಅದು ಮತ್ತೊಂದು ಸಹಕಾರ ಸಂಸ್ಥೆಯೊಂದಿಗೆ ಸೇರಿ ಫೇರ್‌ಪ್ರೈಸ್ ಆಯಿತು. ತಾನು ಬೆಲೆ ಏರಿಸದೆ ಹಿಡಿದಿಟ್ಟು, ಪಕ್ಕದ ಅಂಗಡಿಯೂ ಮನಬಂದಂತೆ ಏರಿಸದಂತೆ ಮಾಡುವುದು ಇದರ ತಂತ್ರ. ಪೇಟೆಯಲ್ಲಿ ದೊಡ್ಡ ಪಾಲು ಇದ್ದಾಗ ಮಾತ್ರ ಇದು ಸಾಧ್ಯ. 2020ರ ಫೆಬ್ರವರಿಯಲ್ಲಿ ಕೊರೊನಾ ಭೀತಿಯಿಂದ ಜನ ಅಂಗಡಿಗಳಿಗೆ ಮುಗಿಬಿದ್ದಾಗ ಫೇರ್‌ಪ್ರೈಸ್ ಅಕ್ಕಿ, ನೂಡಲ್ಸ್, ತರಕಾರಿಗಳಿಗೆ ತಲಾ ಇಂತಿಷ್ಟೇ ಎಂದು ಮಿತಿ ಹಾಕಿತು. ಅಲ್ಲಿ ಕೊಳ್ಳುವ ಬಹಳಷ್ಟು ಜನರಿಗೆ ಅದು ಸಾಮಾಜಿಕ ಉದ್ಯಮ ಎಂಬ ಯೋಚನೆಯೇ ಬರುವುದಿಲ್ಲ. ಮುಖ್ಯವಾಹಿನಿಗೆ ಸೇರಿದ್ದಕ್ಕೆ ಅದಕ್ಕಿಂತ ದೊಡ್ಡ ಗುರುತು ಬೇಕಿಲ್ಲ.

ಎರಡನೆಯ ಅಲೆ

ಎರಡನೆಯ ಅಲೆಯ ಗುರಿ ಬೇರೆ. ಬೆಲೆಗಿಂತ ಹೆಚ್ಚಾಗಿ, ಯಾರೂ ಕರೆದು ಕೆಲಸ ಕೊಡದವರಿಗೆ ಕೆಲಸ ಹುಡುಕುವುದು ಅದರ ಉದ್ದೇಶ. 1976ರಲ್ಲಿ ಕೈದಿಗಳಿಗೆ ಕಸುಬು ಕಲಿಸುವ ಸರ್ಕಾರಿ ನಿಗಮ ಸ್ಥಾಪನೆಯಾಯಿತು. ಅದರ ಈಗಿನ ಹೆಸರು ಯೆಲ್ಲೋ ರಿಬ್ಬನ್ ಸಿಂಗಪುರ. 1986ರಲ್ಲಿ ಅಂಗವಿಕಲರಿಗಾಗಿ ಬಿಜ್‌ಲಿಂಕ್ ಕೇಂದ್ರ ಆರಂಭವಾಯಿತು. ಮುಂದೆ ಖಾಸಗಿಯವರೂ ಇಳಿದರು. ಮಾದಕ ವ್ಯಸನ, ಜೈಲುವಾಸಗಳನ್ನು ದಾಟಿ ಬಂದ ಬೆನ್ನಿ ಸೆ ಟಿಯೊ 2007ರಲ್ಲಿ ಏಯ್ಟೀನ್ ಶೆಫ್ಸ್ ಹೋಟೆಲು ತೆರೆದು ತಮ್ಮಂಥವರಿಗೆ ಕೆಲಸ ಕೊಟ್ಟರು. 2010ರಲ್ಲಿ ಕೋ ಸೆಂಗ್ ಚೂನ್ ಡಿಗ್ನಿಟಿ ಕಿಚನ್ ಆರಂಭಿಸಿದರು. ಅಂಗವಿಕಲರಿಗೂ ಬದುಕಿನಲ್ಲಿ ಸೋತವರಿಗೂ ಬೀದಿಬದಿಯ ತಿಂಡಿಗಳನ್ನು ಮಾಡಿ ಮಾರುವ ಕಸುಬು ಕಲಿಸುವ ಶಾಲೆ ಅದು. ಕಲಿಕೆ ನಡೆಯುವುದು ನಿಜವಾದ ಗಿರಾಕಿಗಳ ಎದುರಿಗೇ. 2011ರಲ್ಲಿ ಬೆಟ್ಟರ್ ಬರಿಸ್ತಾ, 2017ರಲ್ಲಿ ಫೋರ್‌ವರ್ಡ್ ಕಾಫಿ ಬಂದವು. ಎರಡೂ ಕಾಫಿ ಕಸುಬಿನ ತರಬೇತಿಯನ್ನೇ ಬದುಕಿನ ದಾರಿಯಾಗಿ ಕೊಡುವ ಸಂಸ್ಥೆಗಳು.

ಸರ್ಕಾರದ ಬೆಂಬಲವೂ ಹಂತ ಹಂತವಾಗಿ ಬೆಳೆಯಿತು. 2003ರಲ್ಲಿ ಇಂಥ ಉದ್ಯಮಗಳಿಗೆಂದೇ ನಿಧಿ ಬಂತು. 2012ರಲ್ಲಿ ರಾಷ್ಟ್ರಾಧ್ಯಕ್ಷರ ಹೆಸರಿನ ಸಾಮಾಜಿಕ ಉದ್ಯಮ ಪ್ರಶಸ್ತಿ ಆರಂಭವಾಯಿತು. 2015ರಲ್ಲಿ ಸಮಾಜ ಮತ್ತು ಕುಟುಂಬ ಅಭಿವೃದ್ಧಿ ಸಚಿವಾಲಯ, ರಾಷ್ಟ್ರೀಯ ಸಮಾಜ ಸೇವಾ ಮಂಡಳಿ, ಅನುದಾನ ನೀಡುವ ಸರ್ಕಾರಿ ಸಂಸ್ಥೆಯಾದ ಟೋಟ್ ಬೋರ್ಡ್ ಮತ್ತು ಸಾಮಾಜಿಕ ಉದ್ಯಮಗಳ ಸಂಘ ಕೂಡಿ ‘ರೈಸ್’ ಎಂಬ ಕೇಂದ್ರವನ್ನು ಕಟ್ಟಿದವು. ಹೊಸ ಉದ್ಯಮಗಳಿಗೆ ಸಲಹೆ, ತರಬೇತಿ, ಅನುದಾನ, ಗಿರಾಕಿಗಳ ಪರಿಚಯ ಎಲ್ಲವೂ ಅಲ್ಲಿ ಸಿಗುತ್ತವೆ. ಅದರ ಒಂದು ಯೋಜನೆಯಲ್ಲಿ 3 ಲಕ್ಷ ಸಿಂಗಪುರ ಡಾಲರಿನವರೆಗೆ ಅನುದಾನವಿದೆ. ರೈಸ್‌ನ ಸದಸ್ಯರಾಗಲು ಸಂಸ್ಥೆಯ ಸಾಮಾಜಿಕ ಉದ್ದೇಶ ಸ್ಪಷ್ಟವಾಗಿರಬೇಕು, ಸಂಪನ್ಮೂಲದ ಕನಿಷ್ಠ ಶೇ 20ರಷ್ಟನ್ನು ಆ ಉದ್ದೇಶಕ್ಕೆ ತೊಡಗಿಸಬೇಕು.

ಖಾಸಗಿ ಹಣವೂ ಬಂತು. 2014ರಲ್ಲಿ ಡಿಬಿಎಸ್ ಬ್ಯಾಂಕ್ 5 ಕೋಟಿ ಸಿಂಗಪುರ ಡಾಲರಿನೊಂದಿಗೆ ತನ್ನ ಪ್ರತಿಷ್ಠಾನವನ್ನು ಆರಂಭಿಸಿ ಏಷ್ಯಾದ ಸಾಮಾಜಿಕ ಉದ್ಯಮಗಳಿಗೆ ನೆರವಾಯಿತು. 2017ರಲ್ಲಿ ಸಿಂಗಪುರ ಮೂಲದ ಇಂಪ್ಯಾಕ್ಟ್ ಇನ್ವೆಸ್ಟ್‌ಮೆಂಟ್ ಎಕ್ಸ್‌ಚೇಂಜ್, ಆಗ್ನೇಯ ಏಷ್ಯಾದ ಮಹಿಳೆಯರ ಜೀವನೋಪಾಯಕ್ಕಾಗಿ 80 ಲಕ್ಷ ಅಮೆರಿಕನ್ ಡಾಲರಿನ ಬಾಂಡ್ ಹೊರತಂದಿತು. ಈ ಬಾಂಡ್ ಸಿಂಗಪುರ ಷೇರು ವಿನಿಮಯ ಕೇಂದ್ರದಲ್ಲಿ ನೋಂದಣಿಯಾಗಿ, ಸಾಮಾಜಿಕ ಉದ್ದೇಶದ ಸಾಲವೂ ಮಾಮೂಲಿ ಹೂಡಿಕೆಯ ಪೇಟೆಗೆ ಬರಬಹುದೆಂದು ತೋರಿಸಿತು.

ಗಿರಾಕಿ ಎರಡನೆಯ ಸಲ ಬರಬೇಕು

ನಿಧಿ, ಪ್ರಶಸ್ತಿ, ಪ್ರಚಾರ ಇಷ್ಟೆಲ್ಲ ಇದ್ದರೂ ಹಾದಿ ಸುಲಭವಾಗಿಲ್ಲ. ಸಾಮಾಜಿಕ ಉದ್ಯಮದ ಹೆಸರು ಕೇಳಿದವರು ಸಿಂಗಪುರದಲ್ಲಿ ಈಗ ಬಹಳ ಮಂದಿ. ಅವುಗಳಿಂದ ಏನಾದರೂ ಕೊಂಡವರು ಅಷ್ಟಿಲ್ಲ, ಮತ್ತೆ ಮತ್ತೆ ಕೊಳ್ಳುವವರು ಇನ್ನೂ ಕಡಿಮೆ. ಒಳ್ಳೆಯ ಕೆಲಸವೆಂದು ಒಮ್ಮೆ ಕೊಳ್ಳುವವರು ರುಚಿ, ಬೆಲೆ, ಗುಣಮಟ್ಟ ಸರಿಹೋಗದಿದ್ದರೆ ಮರಳುವುದಿಲ್ಲ.

ತೊಡಕಿನ ಬೇರು ಲೆಕ್ಕದಲ್ಲಿದೆ. ಹೊಸ ಕೆಲಸಗಾರರನ್ನು ಪಳಗಿಸಲು ಇಲ್ಲಿ ಹೆಚ್ಚು ಸಮಯ ಹಿಡಿಯುತ್ತದೆ. ಮೇಲ್ವಿಚಾರಕರು ಹೆಚ್ಚು ಬೇಕು. ಯಂತ್ರಗಳನ್ನು, ಕಟ್ಟೆಯ ಎತ್ತರವನ್ನು, ಆರ್ಡರ್ ಪಡೆಯುವ ವಿಧಾನವನ್ನು ಬದಲಿಸಬೇಕಾಗುತ್ತದೆ. ಚೆನ್ನಾಗಿ ಕಲಿತವರು ಬೇರೆಡೆ ಒಳ್ಳೆಯ ಸಂಬಳಕ್ಕೆ ಹೋದರೆ ಉದ್ದೇಶ ಗೆದ್ದಂತೆ. ಅಂಗಡಿಗೆ ಮಾತ್ರ ಅದು ನಷ್ಟ, ತರಬೇತಿ ಮತ್ತೆ ಮೊದಲಿನಿಂದ ಆಗಬೇಕು. ಬಾಡಿಗೆಯಲ್ಲಂತೂ ರಿಯಾಯಿತಿ ಸುಲಭಕ್ಕೆ ಸಿಗದು. ಈ ಹೆಚ್ಚುವರಿ ಖರ್ಚನ್ನು ಬೆಲೆಗೆ ಸೇರಿಸಿದರೆ ಗಿರಾಕಿ ದೂರವಾಗುತ್ತಾನೆ, ಸೇರಿಸದಿದ್ದರೆ ಅನುದಾನ ಮುಗಿದ ಮೇಲೆ ಅಂಗಡಿ ಮುಚ್ಚಬೇಕಾಗುತ್ತದೆ.

ಇದಕ್ಕೆ ಸಿಂಗಪುರದ ಅನೇಕ ಉದ್ಯಮಗಳು ಕಂಡುಕೊಂಡ ದಾರಿ ದೊಡ್ಡ ಕೊಳ್ಳುಗರನ್ನು ಹಿಡಿಯುವುದು. ಕಚೇರಿ ಸಮಾರಂಭದ ಊಟ, ಹಬ್ಬದ ಉಡುಗೊರೆ ಬುಟ್ಟಿ, ಕಾರ್ಯಕ್ರಮ ನಿರ್ವಹಣೆ, ಪ್ಯಾಕಿಂಗ್, ದತ್ತಾಂಶ ನಮೂದು ಇಂಥ ಗುತ್ತಿಗೆಗಳು ನಿಯಮಿತವಾಗಿ ಬಂದರೆ ಬೀದಿಯ ಗಿರಾಕಿಯನ್ನೇ ನೆಚ್ಚಿಕೊಳ್ಳಬೇಕಿಲ್ಲ. ಆಸ್ಪತ್ರೆ, ವಿಶ್ವವಿದ್ಯಾಲಯ, ದೊಡ್ಡ ಕಂಪನಿಗಳ ಆವರಣದೊಳಗೆ ಜಾಗ ದೊರೆತರೆ ಬಾಡಿಗೆಯ ಹೊರೆಯೂ ಇಳಿಯುತ್ತದೆ. ಅಂಗವಿಕಲರ ಉದ್ಯೋಗ ಪ್ರಮಾಣವನ್ನು 2030ರೊಳಗೆ ಶೇ 40ಕ್ಕೆ ಏರಿಸುವ ಗುರಿಯನ್ನು ಸರ್ಕಾರ ಇಟ್ಟುಕೊಂಡಿರುವುದರಿಂದ, ತರಬೇತಿ ಕೊಟ್ಟು ಕೆಲಸಕ್ಕೆ ಸಿದ್ಧಪಡಿಸುವ ಇಂಥ ಸಂಸ್ಥೆಗಳ ಅಗತ್ಯ ಹೆಚ್ಚಿದೆ. ಇತರ ಕೆಲವು ದೇಶಗಳು ಕಾನೂನಿನ ದಾರಿ ಹಿಡಿದಿವೆ. ಬ್ರಿಟನ್ 2012ರಲ್ಲಿ, ಸಾರ್ವಜನಿಕ ಸೇವೆಗಳ ಗುತ್ತಿಗೆ ಕೊಡುವಾಗ ಸಮಾಜಕ್ಕಾಗುವ ಪ್ರಯೋಜನವನ್ನೂ ಪರಿಗಣಿಸಬೇಕೆಂದು ಕಾನೂನು ಮಾಡಿತು. ದಕ್ಷಿಣ ಕೊರಿಯಾ 2007ರ ಕಾಯ್ದೆಯಿಂದ ಸಾಮಾಜಿಕ ಉದ್ಯಮಗಳಿಗೆ ಅಧಿಕೃತ ಪ್ರಮಾಣಪತ್ರ ಕೊಡುತ್ತ ಬಂದಿದೆ. ಸಿಂಗಪುರ ಇಂಥ ವಿಶೇಷ ಕಾನೂನಿಗೆ ಹೋಗದೆ ಪ್ರೋತ್ಸಾಹದ ದಾರಿಯನ್ನೇ ನೆಚ್ಚಿದೆ.

ಹಾಕರ್ ಸೆಂಟರುಗಳ ಪಾಠ

ಹಾಕರ್ ಸೆಂಟರ್ ಎಂದರೆ ಹತ್ತಾರು ಪುಟ್ಟ ತಿಂಡಿ ಅಂಗಡಿಗಳು ಒಂದೇ ಸೂರಿನಡಿ ಇರುವ ಅಗ್ಗದ ಊಟದ ತಾಣ. ಈ ಸಂಸ್ಕೃತಿ 2020ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ದಶಕಗಳ ಬಿಡುವಿನ ನಂತರ 2011ರಲ್ಲಿ ಸರ್ಕಾರ ಹೊಸ ಸೆಂಟರುಗಳನ್ನು ಕಟ್ಟಲು ತೀರ್ಮಾನಿಸಿತು. ಉದ್ಯಮಿ ಇಲಿಮ್ ಚೂ ಅಧ್ಯಕ್ಷತೆಯ ಸಮಿತಿ, ಇವುಗಳ ನಿರ್ವಹಣೆಯನ್ನು ಲಾಭದ ಉದ್ದೇಶವಿಲ್ಲದೆ ಸಾಮಾಜಿಕ ಉದ್ಯಮಗಳಿಗೆ ವಹಿಸಬಹುದೆಂದು 2012ರಲ್ಲಿ ಸಲಹೆ ನೀಡಿತು. 2015ರಿಂದ ಹೌಗಾಂಗ್‌ನ ಸಿ ಯುವಾನ್, ಬುಕಿಟ್ ಪಂಜಾಂಗ್ ಮುಂತಾದ ಕಡೆ ಈ ಪದ್ಧತಿ ಜಾರಿಗೆ ಬಂತು. ಸಾಮಾಜಿಕ ಉದ್ಯಮ ಎಂಬ ಹೆಸರು ಲಕ್ಷಾಂತರ ಜನರ ದಿನದ ಊಟದ ತಟ್ಟೆಯವರೆಗೆ ತಲುಪಿದ್ದು ಹೀಗೆ.

ಆದರೆ 2018ರಲ್ಲಿ ಅಂಗಡಿಯವರಿಂದ ದೂರುಗಳು ಬಂದವು. ಮೂಲ ಬಾಡಿಗೆಯ ಮೇಲೆ ತಟ್ಟೆ ಹಿಂದಿರುಗಿಸುವ ವ್ಯವಸ್ಥೆಗೆ, ಪಾತ್ರೆ ತೊಳೆಯುವುದಕ್ಕೆ, ಇತರ ಸೇವೆಗಳಿಗೆ ಶುಲ್ಕ ಬೀಳುತ್ತಿತ್ತು. ಅಂಗಡಿ ತೆರೆದಿಡಬೇಕಾದ ಅವಧಿ ದೀರ್ಘವಾಗಿತ್ತು. ವಿಷಯ ಸಂಸತ್ತಿನವರೆಗೂ ಹೋಯಿತು. ರಾಷ್ಟ್ರೀಯ ಪರಿಸರ ಸಂಸ್ಥೆ ಮಧ್ಯೆ ಬಂದು, ವಾರಕ್ಕೆ ಐದೇ ದಿನ ಅಂಗಡಿ ನಡೆಸುವ ಅವಕಾಶವೂ ಸೇರಿದಂತೆ ಒಪ್ಪಂದದ ಹಲವು ಷರತ್ತುಗಳನ್ನು ಸಡಿಲಿಸಿತು. ತಿನ್ನುವವರಿಗೆ ಅಗ್ಗ, ಮಾರುವವರಿಗೆ ಬದುಕು, ನಿರ್ವಾಹಕರಿಗೆ ಸರಿದೂಗುವ ಲೆಕ್ಕ ಮೂರನ್ನೂ ಒಟ್ಟಿಗೆ ಸಾಧಿಸುವುದು ಕಷ್ಟ. ಉದ್ದೇಶ ಒಳ್ಳೆಯದೆಂದು ಹೆಸರೇ ಹೇಳುತ್ತಿದ್ದರೂ, ಅದರಡಿ ಯಾರ ಹಿತ ಮೊದಲು ಎಂಬುದನ್ನು ಒಪ್ಪಂದದಲ್ಲಿ ಬರೆದಿಡದಿದ್ದರೆ ಹೊರೆ ಅತ್ಯಂತ ಚಿಕ್ಕವರ ಹೆಗಲಿಗೇ ಬೀಳುತ್ತದೆ.

ಬೆಳೆದ ಮೇಲಿನ ಬೇಲಿ

ಸಾಮಾಜಿಕ ಉದ್ಯಮ ಬೆಳೆದು ದೊಡ್ಡದಾದಾಗ ಇನ್ನೊಂದು ಸಮಸ್ಯೆ ಎದುರಾಗುತ್ತದೆ. ಟ್ಯಾಕ್ಸಿ ಸಹಕಾರ ಸಂಸ್ಥೆಯಾದ ಕಂಫರ್ಟ್ 1993ರಲ್ಲಿ ಕಂಪನಿಯಾಯಿತು, 2003ರಲ್ಲಿ ಮತ್ತೊಂದು ಕಂಪನಿಯೊಂದಿಗೆ ವಿಲೀನವಾಗಿ ಇಂದಿನ ಕಂಫರ್ಟ್‌ಡೆಲ್‌ಗ್ರೊ ಆಯಿತು. ವಿಮೆಯ ಇನ್‌ಕಮ್ 2022ರಲ್ಲಿ ಸಹಕಾರ ಸಂಘದ ರೂಪ ಬಿಟ್ಟು ಕಂಪನಿಯಾಯಿತು. 2024ರ ಜುಲೈನಲ್ಲಿ ಜರ್ಮನಿಯ ವಿಮಾ ಕಂಪನಿ ಅಲಿಯಾನ್ಸ್ ಅದರ ಕನಿಷ್ಠ ಶೇ 51ರಷ್ಟು ಷೇರನ್ನು ಸುಮಾರು 220 ಕೋಟಿ ಸಿಂಗಪುರ ಡಾಲರಿಗೆ ಕೊಳ್ಳಲು ಮುಂದಾಯಿತು. ಸಾರ್ವಜನಿಕರಿಂದ ತೀವ್ರ ವಿರೋಧ ಬಂತು. ಕೊಂಡ ನಂತರದ ಮೊದಲ ಮೂರು ವರ್ಷಗಳಲ್ಲಿ 185 ಕೋಟಿ ಡಾಲರನ್ನು ಷೇರುದಾರರಿಗೆ ಮರಳಿಸುವ ಯೋಜನೆ ಇದೆಯೆಂಬುದು ಬೆಳಕಿಗೆ ಬಂದಾಗ ಪ್ರಶ್ನೆ ಇನ್ನಷ್ಟು ಗಂಭೀರವಾಯಿತು. ಕಂಪನಿಯಾಗುವಾಗ ಸುಮಾರು 200 ಕೋಟಿ ಡಾಲರಿನ ಹೆಚ್ಚುವರಿ ಹಣವನ್ನು ಇನ್‌ಕಮ್ ತನ್ನ ಬಳಿಯೇ ಇಟ್ಟುಕೊಳ್ಳಲು ಸರ್ಕಾರ ಬಿಟ್ಟದ್ದು ಸಾಮಾಜಿಕ ಉದ್ದೇಶ ಮುಂದುವರಿಯಲೆಂದು. ಅಕ್ಟೋಬರ್‌ನಲ್ಲಿ ಸರ್ಕಾರ ವ್ಯವಹಾರವನ್ನು ತಡೆದು, ಅದಕ್ಕಾಗಿ ವಿಮಾ ಕಾಯ್ದೆಗೂ ತಿದ್ದುಪಡಿ ತಂದಿತು. ಡಿಸೆಂಬರ್‌ನಲ್ಲಿ ಅಲಿಯಾನ್ಸ್ ಹಿಂದೆ ಸರಿಯಿತು.

ಕೊನೆಯ ಗಳಿಗೆಯಲ್ಲಿ ಕಾನೂನು ತಿದ್ದಬೇಕಾಗಿ ಬಂದದ್ದೇ ಒಂದು ಪಾಠ. ಸಿಂಗಪುರದಲ್ಲಿ ಸಾಮಾಜಿಕ ಉದ್ಯಮಕ್ಕೆಂದೇ ಪ್ರತ್ಯೇಕ ಕಾನೂನುರೂಪವಿಲ್ಲ. ಖಾಸಗಿ ಕಂಪನಿಯಾಗಿ, ಖಾತರಿಯಿಂದ ಸೀಮಿತವಾದ ಕಂಪನಿಯಾಗಿ, ಸಹಕಾರ ಸಂಘವಾಗಿ ಹೇಗಾದರೂ ನೋಂದಾಯಿಸಬಹುದು. ಆರಂಭಿಸುವುದು ಇದರಿಂದ ಸುಲಭ; ಉದ್ದೇಶ ಮಾತ್ರ ಮಾಲೀಕರ ಮನಸ್ಸನ್ನೇ ಅವಲಂಬಿಸುತ್ತದೆ. ಬ್ರಿಟನ್‌ನಲ್ಲಿ 2005ರಿಂದ ಸಮುದಾಯ ಹಿತದ ಕಂಪನಿ ಎಂಬ ರೂಪವಿದೆ. ಅಂಥ ಕಂಪನಿಯ ಆಸ್ತಿಯನ್ನು ಮಾಲೀಕರು ಹಂಚಿಕೊಳ್ಳುವಂತಿಲ್ಲ. ಅದು ಮುಚ್ಚಿದರೂ ಉಳಿದ ಆಸ್ತಿ ಸಮುದಾಯದ ಕೆಲಸಕ್ಕೇ ಸಲ್ಲಬೇಕು.

ಕರ್ನಾಟಕದ ನೆಲದಲ್ಲಿ

ಕನ್ನಡ ನಾಡಿಗೆ ಈ ಚರ್ಚೆ ಹೊಸದಲ್ಲ. ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರ ಸಂಘ ಹುಟ್ಟಿತು. ನಂದಿನಿ ಹಾಲು ಸಿಂಗಪುರದ ಫೇರ್‌ಪ್ರೈಸಿನಂತೆಯೇ ಮನೆಮನೆಗೆ ಸೇರಿದ ಸಹಕಾರಿ ಹೆಸರು. 2017ರಲ್ಲಿ ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ಅಲೀನಾ ಆಲಂ ಆರಂಭಿಸಿದ ಮಿಟ್ಟಿ ಕೆಫೆ, ಅಂಗವಿಕಲರ ಕೈಯಲ್ಲೇ ನಡೆಯುತ್ತ 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣವನ್ನೂ ತಲುಪಿತು. ಸಂಸ್ಥೆಗಳ ಆವರಣದೊಳಗೆ ಜಾಗ ಪಡೆಯುವ ಉಪಾಯ ಇಲ್ಲೂ ಫಲ ಕೊಟ್ಟಿದೆ. ಸಾಮಾಜಿಕ ಸಂಸ್ಥೆಗಳು ಪೇಟೆಯಿಂದ ಹಣ ಎತ್ತಲೆಂದಿರುವ ಭಾರತದ ಸಾಮಾಜಿಕ ಷೇರು ವಿನಿಮಯ ವ್ಯವಸ್ಥೆಯಲ್ಲಿ ಮೊದಲು ಲಿಸ್ಟಿಂಗ್ ಪಡೆದದ್ದು ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಷನ್. ಅದು 2023ರ ಡಿಸೆಂಬರ್‌ನಲ್ಲಿ 1.8 ಕೋಟಿ ರೂಪಾಯಿ ಸಂಗ್ರಹಿಸಿತು.

ಎರಡೂ ನೆಲದ ಅನುಭವ ಒಂದೇ ಕಡೆಗೆ ಬೆರಳು ತೋರಿಸುತ್ತದೆ. ಆರಂಭದ ಅನುದಾನ ಉದ್ಯಮವನ್ನು ಎತ್ತಿ ನಿಲ್ಲಿಸಬಲ್ಲದು. ಅದನ್ನು ನಡೆಸುವುದು ಮರಳಿ ಬರುವ ಗಿರಾಕಿ ಮತ್ತು ಸಂಸ್ಥೆಗಳ ನಿಯಮಿತ ಗುತ್ತಿಗೆ. ಹಣ ಹರಿಯತೊಡಗುವ ಮೊದಲೇ ಆಸ್ತಿ ಯಾರಿಗೆ, ಲಾಭ ಎಲ್ಲಿಗೆ, ನಷ್ಟದ ಹೊರೆ ಯಾರಿಗೆ ಎಂಬುದು ನಿಯಮಾವಳಿಯಲ್ಲಿ ಬರೆದಿದ್ದರೆ, ಪೇಟೆಯ ನಡುವೆ ಬಂದ ಮೇಲೂ ಸಾಮಾಜಿಕ ಉದ್ಯಮ ಸಾಮಾಜಿಕವಾಗಿಯೇ ಉಳಿಯುತ್ತದೆ.