ದಸರಾ ಸೂಟಿ, ತುಂಬಿದ ಮನೆ, ತಪ್ಪಿದ ಲೆಕ್ಕಗಳು

ಆಶ್ವೀಜ ಮಾಸದ ಬೆಳಿಗ್ಗೆ ಹುಕ್ಕೇರಿ ಕಡೆಯ ಒಂದು ದೊಡ್ಡ ಮನೆಯೊಳಗೆ ಹೊಕ್ಕು ನೋಡಿ. ಅಂಗಳದಲ್ಲಿ ಸೋಯಾಬೀನ್ ರಾಶಿ ಬಿದ್ದಿದೆ. ದೇವರ ಮನೆಯಲ್ಲಿ ಮಣ್ಣಿಗೆ ಕಾಳು ಬಿತ್ತಿ ಘಟ್ಟ ಹಾಕಿದ್ದಾರೆ. ಹಿಂಗಾರಿ ಜೋಳದ ಬಿತ್ತನೆಗೆ ಹದ ನೋಡಲು ಗಂಡಸರು ಹೊಲಕ್ಕೆ ಹೋಗಿದ್ದಾರೆ. ಮೂವರು ಅಣ್ಣತಮ್ಮಂದಿರ ಮಕ್ಕಳ ಜೊತೆಗೆ, ತವರಿಗೆ ಬಂದ ಹೆಣ್ಣುಮಕ್ಕಳ ಮಕ್ಕಳೂ ಸೇರಿ ಪಡಸಾಲೆಯಲ್ಲಿ ಹನ್ನೊಂದು ತಲೆ. ಮೊಬೈಲು ಒಂದೇ. ಅದರ ಸುತ್ತ ನಡೆದಿರುವುದು ಓದಲ್ಲ, ಯುದ್ಧ.

ಇದನ್ನು ನೋಡಿದ ಕಾಕಾ ಹೇಳುತ್ತಾರೆ: “ಈ ಗದ್ದಲದಾಗ ಏನ್ ಕಲೀತಾವ, ಮಣ್ಣು?” ಪಟ್ಟಣದಿಂದ ಬಂದ ಮಾಮಾ ಇದಕ್ಕೆ ಉಲ್ಟಾ: “ಸಾಲಿನ ಬ್ಯಾಡ ಬಿಡ್ರಿ, ಈಗೆಲ್ಲಾ ಮನ್ಯಾಗ ಕಲಿಸ್ತಾರ.” ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಪ್ರತಿ ದಸರಾ ಸೂಟಿಗೂ ಈ ಎರಡು ಮಾತು ಕೇಳುತ್ತವೆ. ಎರಡರ ಲೆಕ್ಕವೂ ತಪ್ಪಿದೆ. ಇವುಗಳ ಜೊತೆ ಇನ್ನೂ ಕೆಲವು ತಪ್ಪು ಲೆಕ್ಕಗಳು ಮನೆಯಿಂದ ಮನೆಗೆ ಸಾಗುತ್ತಿವೆ.

“ಮಂದಿ ತುಂಬಿದ ಮನ್ಯಾಗ, ಸಣ್ಣವು ದೊಡ್ಡವು ಕೂಡಿದ್ರ ಓದು ಹತ್ತೂದಿಲ್ಲ”

ನಮ್ಮ ಸರಕಾರಿ ಶಾಲೆಗಳಲ್ಲೇ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂಡಿ ಕಲಿಯುತ್ತಾರೆ. ಅದರ ಹೆಸರು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯನ್ನು 2009-10ರಲ್ಲಿ ರಾಜ್ಯದ ಕನ್ನಡ ಶಾಲೆಗಳಿಗೆ ವಿಸ್ತರಿಸಿದರು. ಅಲ್ಲಿ ಮಗುವಿನ ವಯಸ್ಸಿಗಿಂತ ಅದು ಎಷ್ಟನೆಯ ಮೆಟ್ಟಿಲಲ್ಲಿದೆ ಅನ್ನುವುದು ಮುಖ್ಯ. ಕಾರ್ಡು ಹಿಡಿದು ಒಂದು ಮಗು ಸ್ವಂತ ಕಲಿಯುತ್ತದೆ, ಇನ್ನೊಂದು ಪಕ್ಕದವರ ನೆರವಿನಿಂದ, ಮತ್ತೊಂದು ಮಾಸ್ತರರ ಮುಂದೆ ಕೂತು. ಪಡಸಾಲೆಯ ಹನ್ನೊಂದು ಮಕ್ಕಳ ಗುಂಪು ಇದಕ್ಕಿಂತ ಬೇರೆ ಏನಲ್ಲ. ಕಾರ್ಡು ಇಲ್ಲ, ಅಷ್ಟೇ.

“ಅಕ್ಕ ತಂಗಿಗೆ ಹೇಳಿಕೊಡ್ತಾ ಕೂತ್ರ ಅಕ್ಕನ ಓದು ಹಾಳು” ಎಂಬುದು ಇದರದೇ ಬಾಲ. ದೊಡ್ಡ ಹುಡುಗ ಸಣ್ಣವನಿಗೆ ಪಾಠ ಹೇಳುವುದು ನಮ್ಮ ಹಳೆಯ ಗಾಂವಟಿ ಶಾಲೆಗಳ ರೂಢಿ. ಹದಿನೆಂಟನೆಯ ಶತಮಾನದ ಕೊನೆಗೆ ಮದರಾಸಿನ ಅನಾಥಾಲಯವೊಂದನ್ನು ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ದಕ್ಷಿಣದ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು ತನ್ನ ಶಾಲೆಗೆ ತಂದ. ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಪದ್ಧತಿಯನ್ನೂ ಅಲ್ಲಿ ಬೆಳೆಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಮಾಡಿ ಹಂಚಿದ. ಇಂಗ್ಲೆಂಡಿನಲ್ಲಿ ಅದಕ್ಕೆ ‘ಮದರಾಸ್ ಪದ್ಧತಿ’ ಎಂದೇ ಹೆಸರು ಬಿತ್ತು. ಇಲ್ಲಿಂದ ಹಡಗು ಹತ್ತಿ ಹೋದದ್ದನ್ನು ನಾವೀಗ ವಿದೇಶಿ ಹೊಸತು ಎಂದುಕೊಳ್ಳುತ್ತೇವೆ. ತಂಗಿಗೆ ಭಿನ್ನರಾಶಿ ತಿಳಿಸಲು ಹೊರಟ ಅಕ್ಕನಿಗೆ ಮೊದಲು ತನ್ನ ತಲೆಯಲ್ಲಿ ಅದು ಎಲ್ಲಿ ತೊಡಕಾಗಿದೆ ಎಂಬುದು ಗೊತ್ತಾಗುತ್ತದೆ. ಅದೇ ಅವಳ ಲಾಭ.

ಆದರೆ ಒಂದು ಎಚ್ಚರ. ಹೇಳಿಕೊಡುವ ಕೆಲಸ ಯಾವಾಗಲೂ ಅಕ್ಕನಿಗೇ ಬಂದು, ಅಣ್ಣ ಕ್ರಿಕೆಟ್ಟಿಗೆ ಓಡುವುದಾದರೆ ಅದನ್ನು ಕಲಿಕೆ ಎನ್ನಲಾರೆ. ಹೆಣ್ಣುಮಕ್ಕಳ ಹೆಗಲಿಗೆ ಇನ್ನೊಂದು ಕೊಡ ಏರಿಸಿದಂತೆ.

“ಮೊದಲ ಎಲ್ಲಾರೂ ಒಟ್ಟಿಗೇ ಇರ್ತಿದ್ರು, ಈಗ ಮನಿ ಒಡದು ಮಕ್ಕಳು ಕೆಟ್ಟಾವು”

ಧಾರವಾಡ ಜಿಲ್ಲೆಯ ಲೋಕೂರಿನ ನೂರಕ್ಕೂ ಹೆಚ್ಚು ಮಂದಿಯ ಕುಟುಂಬದ ಸುದ್ದಿ ಓದಿದವರಿಗೆ, ಹಿಂದೆ ಪ್ರತಿ ಮನೆಯೂ ಹಾಗೇ ಇತ್ತು ಅನ್ನಿಸುವುದು ಸಹಜ. ಆದರೆ ಸಮಾಜಶಾಸ್ತ್ರಜ್ಞ ಎ.ಎಂ. ಶಾ ಗುಜರಾತಿನ ಒಂದು ಹಳ್ಳಿಯ 1825ರ ಜನಗಣತಿ ದಾಖಲೆಯನ್ನು ಕೆದಕಿ ನೋಡಿದರು. ಆ ಕಾಲದಲ್ಲೂ ಅಲ್ಲಿ ಬಹುಪಾಲು ಮನೆಗಳು ಸಣ್ಣವೇ ಇದ್ದವು. ಮನೆ ಬೆಳೆಯುತ್ತದೆ, ಒಡೆಯುತ್ತದೆ, ಮತ್ತೆ ಬೆಳೆಯುತ್ತದೆ. ನಮ್ಮ ಕಡೆ ನೋಡಿದರೂ ‘ಒಲಿ ಬ್ಯಾರೆ’ ಆದರೂ ಬಾವಿ ಒಂದೇ, ಕಣ ಒಂದೇ, ಘಟ್ಟ ಹಾಕುವ ದೇವರ ಜಗುಲಿಯೂ ಒಂದೇ. ಮಕ್ಕಳಿಗೆ ಯಾರ ಒಲೆಯ ರೊಟ್ಟಿ ಅನ್ನುವ ಲೆಕ್ಕವೇ ಇರುವುದಿಲ್ಲ.

“ಸೂಟಿಯಾಗ ಪುಸ್ತಕ ಮುಟ್ಟದಿದ್ರ ಕಲಿತದ್ದೆಲ್ಲಾ ಹೋತು”

ಮರೆವು ನಿಜ. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯಿತು ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಮೊದಲ ಕೆಲವು ಗಂಟೆಗಳಲ್ಲಿ ನೆನಪು ಭರದಿಂದ ಇಳಿಯುತ್ತದೆ, ಆಮೇಲೆ ಸಾವಕಾಶ. ಹಾಗಾದರೆ ಮದ್ದೇನು? ಅದೇ ಪಾಠವನ್ನು ಹತ್ತು ಸಲ ನಕಲು ಬರೆಸುವುದಲ್ಲ. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಹೊರತೆಗೆಯುವುದು ಹೆಚ್ಚು ದಿನ ಉಳಿಯುತ್ತದೆ ಎಂದು ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ರಾತ್ರಿ ಊಟಕ್ಕೆ ಕೂತಾಗ ಆಯಿ “ಆ ಕನ್ನಡ ಪಾಠದಾಗ ಏನೈತಿ, ಹೇಳ ನೋಡೂಣು” ಎಂದು ಕೇಳಿದರೆ ಅದೇ ಪ್ರಯೋಗ. ಆಯಿಗೆ ಅಕ್ಷರ ಬರದಿದ್ದರೂ ನಡೆಯುತ್ತದೆ. ಬರದಿದ್ದರೆ ಇನ್ನೂ ಒಳ್ಳೆಯದು, ಮಗು ಬಿಡಿಸಿ ಹೇಳಲೇಬೇಕಾಗುತ್ತದೆ.

ಗಣಿತಕ್ಕಂತೂ ಈ ತಿಂಗಳಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಹಗ್ಗ ಹಿಡಿದು ಹಿತ್ತಲಲ್ಲಿ ಮಕ್ಕಳಿಂದಲೇ ಅಳೆಸಿ. 33ನ್ನು 33ರಿಂದ ಗುಣಿಸಿದರೆ 1089 ಚದರಡಿ. ಅಂಥ 40 ಸೇರಿದರೆ ಎಕರೆ, ಅಂದರೆ 43,560. ‘ಸವ್ವಾ ಎಕರೆ’ ಎಂದರೆ ಎಷ್ಟು ಗುಂಟೆ? ‘ದೀಡ’ ಎಂದರೆ? ‘ಅಡೀಚ’ ಎಂದರೆ? 50, 60, 100. ದಶಾಂಶದ ಲೆಕ್ಕದಲ್ಲಿ ತಡವರಿಸುವ ಆರನೆಯ ತರಗತಿಯ ಹುಡುಗ ದೀಡ ಎಕರೆಯನ್ನು ಕಣ್ಣು ಮುಚ್ಚಿ ಹೇಳುತ್ತಾನೆ. ದೀಡ ಎಂದರೆ 1.5 ಎಂದು ಅವನಿಗೆ ಯಾರೂ ಹೇಳಿಲ್ಲ, ತೊಡಕು ಅಷ್ಟೇ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ಬೆಲೆಗಾಗಿ ರೈತರು ಧರಣಿ ಕೂತು, ಟನ್ನಿಗೆ 3300 ರೂಪಾಯಿಯ ತೀರ್ಮಾನ ಆದಾಗ ಮನೆಮನೆಯಲ್ಲೂ ಗುಣಾಕಾರ ನಡೆದಿತ್ತು. ಪಡಸಾಲೆಯ ಮಕ್ಕಳನ್ನು ಆ ಲೆಕ್ಕಕ್ಕೆ ಕರೆದವರೆಷ್ಟು ಮಂದಿ?

“ಘಟ್ಟದ ಸಸಿ ಹಳದಿ ಬಂದ್ರ ದೇವಿ ಒಲಿದಾಳ”

ಇದನ್ನು ಮುಟ್ಟಿದರೆ ಆಯಿ ಸಿಟ್ಟಾಗುತ್ತಾರೆ, ಗೊತ್ತು. ಭಕ್ತಿಯ ಮಾತು ಬೇರೆ, ಬಣ್ಣದ ಮಾತು ಬೇರೆ. ಹೊಲದ ಮಣ್ಣು ತಂದು ಕಾಳು ಬಿತ್ತಿ, ಒಂಬತ್ತು ದಿನ ದೇವರ ಕೋಣೆಯ ಮಬ್ಬಿನಲ್ಲಿ ಇಟ್ಟರೆ ಸಸಿ ಉದ್ದಕ್ಕೆ, ತೆಳ್ಳಗೆ, ಹಳದಿಯಾಗಿ ಏಳುತ್ತದೆ. ಬೆಳಕಿಲ್ಲದೆ ಎಲೆಗೆ ಹಸಿರು ಬಣ್ಣ ಕೊಡುವ ಹರಿತ್ತು ಹುಟ್ಟುವುದಿಲ್ಲ. ಬೀಜದಲ್ಲಿ ಕೂಡಿಟ್ಟ ಆಹಾರವನ್ನೇ ತಿನ್ನುತ್ತಾ ಸಸಿ ಬೆಳಕು ಹುಡುಕಿ ಮೇಲೇಳುತ್ತದೆ. ಅದೇ ಕಾಳನ್ನು ಒಂದು ತೆಂಗಿನ ಚಿಪ್ಪಿನಲ್ಲಿ ಹಾಕಿ ಕಿಟಕಿಯ ಬಿಸಿಲಿಗೆ ಇಡಿ, ದಿನಾ ಎರಡನ್ನೂ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಸಿ. ಹಬ್ಬ ಕೆಡುವುದಿಲ್ಲ, ವಿಜ್ಞಾನ ಪುಸ್ತಕದ ಒಂದು ಅಧ್ಯಾಯ ಮುಗಿದಿರುತ್ತದೆ.

ಬನ್ನಿಯದೂ ಹೀಗೇ. ಬನ್ನಿ ಮುಳ್ಳಿನ ಮರ, ಎಲೆ ಸಣ್ಣ ಸಣ್ಣ ಚೂರು. ಗಡಿ ಭಾಗದಲ್ಲಿ ‘ಬಂಗಾರ’ ಎಂದು ಎಷ್ಟೋ ಸಲ ಕೈಗೆ ಬರುವುದು ಎರಡು ಸೀಳಾದ ಅಗಲ ಎಲೆ. ಅದು ಬನ್ನಿಯಲ್ಲ, ಮರಾಠಿಯವರು ಆಪಟಾ ಎನ್ನುವ ಬೇರೆಯೇ ಗಿಡ. ಎರಡು ಎಲೆ ಪಕ್ಕಪಕ್ಕ ಇಟ್ಟು ತೋರಿಸಿದರೆ ಸಾಕು.

“ಮನಿ ಮಾತಿನಿಂದ ಸಾಲಿ ಕನ್ನಡ ಕೆಡತೈತಿ”

ಕೆಡುವುದಿಲ್ಲ. ಮಕ್ಕಳು ಎರಡು ಬಗೆಯ ಕನ್ನಡವನ್ನು ಎರಡು ಅಂಗಿಯ ಹಾಗೆ ಬದಲಿಸುತ್ತಾರೆ. ಸಂಕೇಶ್ವರದ ಸಂತೆಯಲ್ಲಿ ಮರಾಠಿ, ಉರ್ದುವನ್ನೂ ಸೇರಿಸಿಕೊಳ್ಳುತ್ತಾರೆ. ಅಂದ ಹಾಗೆ, ಗೋಕಾಕ ಚಳವಳಿ ನಡೆದದ್ದು ಗೋಕಾಕ ಊರಿಗಾಗಿ ಎಂದುಕೊಂಡ ಮಕ್ಕಳು ಆ ಊರಲ್ಲೇ ಇದ್ದಾರೆ. ಅದು ಶಾಲೆಗಳಲ್ಲಿ ಕನ್ನಡದ ಸ್ಥಾನದ ಬಗ್ಗೆ ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ಕೊಟ್ಟ ವರದಿ ಜಾರಿಗಾಗಿ ನಡೆದ ಹೋರಾಟ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ.

“ಮನ್ಯಾಗ ಓದಿಸಿದ್ರ ಪೊಲೀಸ್ ಕೇಸ್” ಮತ್ತು “ಮನ್ಯಾಗ ಓದಿಸೂದು ಅಂದ್ರ ಸಾಲಿ ಬಿಡಿಸೂದು”

ಮಾಮಾನ ಮಾತಿಗೆ ಬರೋಣ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದು ಅದರ 10ನೆಯ ಕಲಂ ಹೇಳುತ್ತದೆ. ಸೇರಿಸದ ಪಾಲಕರಿಗೆ ಜೈಲು ಎಂದು ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಮನೆಪಾಠದ ಮಕ್ಕಳಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ದಾರಿ ಇದೆ; 14 ತುಂಬಿದ ಮೇಲೆ ಅದರ ಹತ್ತನೆಯ ಪರೀಕ್ಷೆಗೆ ಕೂರಬಹುದು. ದಾರಿ ಇದೆ ನಿಜ. ಆದರೆ ದಿನಕ್ಕೆ ಕೆಲವು ತಾಸಾದರೂ ಒಬ್ಬ ದೊಡ್ಡವರು ಬೇರೆ ಕೆಲಸ ಬಿಟ್ಟು ಕೂತರೆ ಮಾತ್ರ ಅದು ಸಾಗುವ ದಾರಿ.

ಹಾಗೆ ಕೂರುವವರು ಇರುವುದಿಲ್ಲ ಎಂದು 2020 ತೋರಿಸಿತು. ಕೋವಿಡ್‌ನಿಂದ ಶಾಲೆ ಮುಚ್ಚಿದಾಗ ಸರಕಾರ ಆ ಆಗಸ್ಟಿನಲ್ಲಿ ‘ವಿದ್ಯಾಗಮ’ ಆರಂಭಿಸಿತು. ಮಾಸ್ತರರೇ ಗುಡಿಕಟ್ಟೆ, ಮರದ ನೆರಳು, ಜಗಲಿಗೆ ಬಂದು ಗುಂಪು ಗುಂಪಾಗಿ ಕಲಿಸಿದರು. ಸೋಂಕು ಹಬ್ಬಿದ್ದರಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿ, ಅಕ್ಟೋಬರ್ 12ರಿಂದ 30ರವರೆಗೆ ರಜೆ ಕೊಟ್ಟರು. ದೊಡ್ಡ ಮನೆಗಳಿಗೆ ಆಗ ಗೊತ್ತಾದದ್ದು ಇಷ್ಟೇ: ಮನೆಯಲ್ಲಿ ಹದಿನೆಂಟು ಮಂದಿ ಇದ್ದರೂ ಮಗುವಿನ ಪಕ್ಕ ಕೂರಲು ಒಬ್ಬರೂ ಬಿಡುವಿರಲಿಲ್ಲ. ಮೊಬೈಲಿಗೆ ನೆಟ್ವರ್ಕ್ ಇದ್ದದ್ದು ಮಾಳಿಗೆಯ ಮೇಲೆ, ಪಾಠ ಕೇಳಬೇಕಾದವರು ಹೊಲದಲ್ಲಿ. ಮಂದಿ ಇರುವುದು ಬೇರೆ, ಮಗುವಿನ ಜೊತೆ ಮಾತಾಡುವವರು ಇರುವುದು ಬೇರೆ. ಕಾಕಾ ಮತ್ತು ಮಾಮಾ ಇಬ್ಬರೂ ಎಡವಿದ್ದು ಇಲ್ಲೇ.

2025ರಲ್ಲೂ ಸೂಟಿ ಉದ್ದವಾಯಿತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮಾಸ್ತರರನ್ನು ಹಚ್ಚಿದ್ದರಿಂದ ಸರಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಹಿಗ್ಗಿಸಿದರು. ಬೆನ್ನಿಗೇ ದೀಪಾವಳಿ ಬಂತು. ಅಷ್ಟರಲ್ಲಿ ಕಬ್ಬಿನ ಕಾರ್ಖಾನೆಗಳು ಶುರುವಾಗುವ ಹೊತ್ತು. “ಇನ್ನ ಒಂದ್ ವಾರ ಇರಲಿ ಬಿಡು” ಎಂದು ಮನೆಯಲ್ಲೇ ಉಳಿದ ಮಗು ಮರಳಿ ಹೋಗಲು ಹಿಂದೇಟು ಹಾಕುವುದು ಇಂಥ ಹೊತ್ತಿನಲ್ಲೇ.

“ನಮ್ಮ ಹೊಲ, ನಮ್ಮ ಮಕ್ಕಳು, ಕಾಯ್ದೆಗೇನ ಸಂಬಂಧ?”

ಸಂಬಂಧ ಇದೆ. 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಗು ಮನೆಯವರ ಕೆಲಸಕ್ಕೆ ನೆರವಾಗಬಹುದು, ಆದರೆ ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ, ಅದೂ ಅಪಾಯವಿಲ್ಲದ ಕೆಲಸದಲ್ಲಿ ಮಾತ್ರ. ಸೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಹೊಲಕ್ಕೆ ಬಂದ ಮಗು ನಾಲ್ಕು ಕಾಳು ಆರಿಸಿದರೆ ಯಾರೂ ಬೇಡ ಎನ್ನುವುದಿಲ್ಲ. ಔಷಧಿ ಹೊಡೆಯುವ ಪಂಪು, ಮೇವು ಕತ್ತರಿಸುವ ಯಂತ್ರದ ಹತ್ತಿರ ಸೂಟಿಯಲ್ಲೂ ಬಿಡಬಾರದು.

ನಮ್ಮ ಮಕ್ಕಳು ಸೂಟಿ ಮುಗಿಸಿ ಶಾಲೆಗೆ ಮರಳುವ ಹೊತ್ತಿಗೇ ಘಟಪ್ರಭೆಯ ದಂಡೆಯ ಹೊಲಗಳಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಇಳಿಯುತ್ತವೆ. ಅವರು ಹಾಕಿದ ಗುಡಿಸಲ ಮುಂದೆ ತಮ್ಮನನ್ನು ಎತ್ತಿಕೊಂಡು ನಿಲ್ಲುವ ಎಂಟು ವರ್ಷದ ಹುಡುಗಿಯನ್ನು ಕಂಡು “ಅವರ ಸಾಲಿ ಅವರ ಊರಾಗ, ಟಿ.ಸಿ. ಇಲ್ಲದ ಇಲ್ಲಿ ಹೆಂಗ ತಗೋತಾರ?” ಎನ್ನುವುದು ನಮ್ಮ ಊರುಗಳ ಅತಿ ದೊಡ್ಡ ತಪ್ಪು ಕಲ್ಪನೆ. ವರ್ಗಾವಣೆ ಪತ್ರ ತಡವಾಯಿತು ಎಂದು ಪ್ರವೇಶ ತಡೆಯುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಎಂದೂ ನಿರಾಕರಿಸುವಂತಿಲ್ಲ. ಜೂನ್ ದಾಟಿ ನವೆಂಬರ್ ಆದರೂ ಸೇರಿಸಿಕೊಳ್ಳಬೇಕು, ಅವಳ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಇವೆಲ್ಲ ಅದೇ ಶಿಕ್ಷಣ ಹಕ್ಕು ಕಾಯ್ದೆಯಲ್ಲಿವೆ. ಒಪ್ಪದಿದ್ದರೆ ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ ಹೇಳಿ. ಅಲ್ಲೂ ಆಗದಿದ್ದರೆ ಬೆಳಗಾವಿ ಬಸ್ ಹತ್ತಬೇಡಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಶಾಲೆಯ ಲೆಕ್ಕದಲ್ಲಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ, ಉಪನಿರ್ದೇಶಕರ ಕಚೇರಿ ಇರುವುದು ಚಿಕ್ಕೋಡಿಯಲ್ಲಿ.