ಟ್ರಡ್ಜ್: ಸುಸ್ತಾದ ಕಾಲಿಗೊಂದು ಪದ

ಇವತ್ತಿನ ಪದ ಟ್ರಡ್ಜ್. ಸ್ಪೆಲ್ಲಿಂಗ್ ಟಿ-ಆರ್-ಯು-ಡಿ-ಜಿ-ಇ. ‘ಪ್ರಯಾಸದಿಂದ ನಡೆ’ ಅಂದ್ರೆ ಅರ್ಥ ಸರಿಯೇ. ಆದ್ರೆ ಅಷ್ಟರಿಂದ ಚಿತ್ರ ಕಣ್ಣಿಗೆ ಬರುವುದಿಲ್ಲ.

ಚಿತ್ರ ಬೇಕಾದ್ರೆ ಶಿವರಾತ್ರಿಯ ಹತ್ತಿರ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವ ಪಾದಯಾತ್ರಿಗಳು ಗುಂಪು ಗುಂಪಾಗಿ ಬರ್ತಾ ಇರ್ತಾರೆ. ಬೆಂಗಳೂರಿಂದ ಹೊರಟವರಿಗೆ ಅದು ಸುಮಾರು 300 ಕಿ.ಮೀ. ದಾರಿ. ಉಜಿರೆಯಿಂದ ಮುಂದೆ ಉಳಿದದ್ದು ಹತ್ತಿರ ಹತ್ತಿರ 10 ಕಿ.ಮೀ. ಅಷ್ಟೇ. ಆ ಕೊನೆಯ ದಾರಿಯಲ್ಲಿ ಅವರ ಕಾಲು ನೋಡಿ. ಪಾದಕ್ಕೆ ಬಟ್ಟೆ ಸುತ್ತಿದವರಿದ್ದಾರೆ, ಕೋಲು ಊರಿದವರಿದ್ದಾರೆ. ಹೆಜ್ಜೆ ಎತ್ತಿ ಇಡುವುದಲ್ಲ, ಎಳೆದು ಇಡುವುದು. ಆದ್ರೂ ನಿಲ್ಲುವುದಿಲ್ಲ. ಟ್ರಡ್ಜ್ ಅಂದ್ರೆ ಇದೇ. ಅದರಲ್ಲಿ ಎರಡು ಸಂಗತಿ ಉಂಟು: ಸುಸ್ತು, ಮತ್ತೆ ಸುಸ್ತಾದ್ರೂ ಮುಂದೆ ಹೋಗುವುದು. ಸುಸ್ತಾಗಿ ಕೂತುಬಿಟ್ರೆ ಅದು ಟ್ರಡ್ಜ್ ಅಲ್ಲ.

ಈ ಪದ ಎಲ್ಲಿಂದ ಬಂತು? ಇಂಗ್ಲಿಷ್ ಬರವಣಿಗೆಯಲ್ಲಿ ಇದು ಕಾಣಿಸಿಕೊಂಡದ್ದು 16ನೇ ಶತಮಾನದಲ್ಲಿ. ಅದಕ್ಕಿಂತ ಹಿಂದಿನ ಬೇರು ನಿಘಂಟುಕಾರರಿಗೂ ಖಚಿತವಾಗಿ ಸಿಕ್ಕಿಲ್ಲ. ಬೆನ್ನು ಮುರಿಯುವ ಕೆಲಸಕ್ಕೆ ಇಂಗ್ಲಿಷಲ್ಲಿ ‘ಡ್ರಡ್ಜ್’ ಅಂತ ಉಂಟು, ಕೆಸರಿಗೆ ‘ಸ್ಲಡ್ಜ್’ ಅಂತ ಉಂಟು. ಮೂರೂ ಕೇಳುವಾಗಲೇ ಭಾರ. ಆದ್ರೆ ಸದ್ದು ಒಂದೇ ರೀತಿ ಇದೆ ಅಂತ ಮೂಲವೂ ಒಂದೇ ಅಂತ ಹೇಳಲಿಕ್ಕಾಗುವುದಿಲ್ಲ. ವಾಟ್ಸಾಪ್‌ನಲ್ಲಿ ಬರುವ ಪದಮೂಲದ ಕತೆಗಳು ಹೆಚ್ಚಾಗಿ ಎಡವುವುದು ಇಲ್ಲೇ.

ನಮಗೆ ಹೆಚ್ಚು ಪರಿಚಯದ ‘ಟ್ರೆಕ್’ ಹಾಗಲ್ಲ, ಅದರ ಜಾತಕ ಗೊತ್ತುಂಟು. ಡಚ್ ಭಾಷೆಯಲ್ಲಿ ‘ಟ್ರೆಕನ್’ ಅಂದ್ರೆ ಎಳೆ. ದಕ್ಷಿಣ ಆಫ್ರಿಕಾದ ಡಚ್ ವಲಸಿಗರು ಎತ್ತಿನ ಗಾಡಿಯಲ್ಲಿ ಮಾಡಿದ ದೂರದ ಪಯಣಕ್ಕೆ ಆ ಹೆಸರು ಬಂತು, 19ನೇ ಶತಮಾನದಲ್ಲಿ ಇಂಗ್ಲಿಷಿಗೆ ಸೇರಿತು. ಈಗ ನಾವು ಭಾನುವಾರ ಗಡಾಯಿಕಲ್ಲು ಹತ್ತಿ ‘ಟ್ರೆಕ್’ ಅಂತ ಸ್ಟೇಟಸ್ ಹಾಕ್ತೇವೆ. ಇಳಿಯುವಾಗ ಮೊಣಕಾಲು ನಡುಗಿದ್ದು ಮಾತ್ರ ಟ್ರಡ್ಜ್, ಅದನ್ನು ಯಾರೂ ಹಾಕುವುದಿಲ್ಲ!

ಕನ್ನಡದಲ್ಲಿ ಟ್ರಡ್ಜ್‌ಗೆ ಒಂದೇ ಪದ ಹುಡುಕಿದ್ರೆ ಕಷ್ಟ. ‘ಕಾಲೆಳೆದುಕೊಂಡು ನಡೆದ’ ಅಂದ್ರೆ ತುಂಬ ಹತ್ತಿರ. ಇಲ್ಲಿಯೂ ‘ಎಳೆ’ ಬಂತು ನೋಡಿ. ಆದ್ರೆ ಜಾಗ್ರತೆ, ‘ಅವನ ಕಾಲೆಳೆದ’ ಅಂದ್ರೆ ತಮಾಷೆ ಮಾಡಿದ ಅಂತ ಆಗ್ತದೆ. ತುಳುವಿನಲ್ಲಿ ಸುಸ್ತಿಗೆ ‘ಬಚ್ಚೆಲ್’ ಅಂತೇವೆ. ಬಂಟ್ವಾಳ ಪೇಟೆಯಲ್ಲಿ ಮೂಟೆ ಹೊತ್ತು ಬಂದವರು ಆ ಮಾತು ಹೇಳಿದ್ರೆ ಬೇರೆ ವಿವರಣೆ ಬೇಡ.

ನಡಿಗೆಗೆ ನಮ್ಮಲ್ಲಿ ಬೇರೆ ಹೆಸರುಗಳು ಬೇಕಾದಷ್ಟುಂಟು: ಪಾದಯಾತ್ರೆ, ಚಾರಣ, ವಿಹಾರ. ‘ವಿಹಾರ’ ಅಂದ್ರೆ ನಮಗೆ ಸಂಜೆಯ ತಿರುಗಾಟ. ಸಾವಿರ ಕಂಬದ ಬಸದಿ ಇರುವ ಮೂಡುಬಿದಿರೆಯಲ್ಲಿ ಜೈನರನ್ನು ಕೇಳಿ, ದಿಗಂಬರ ಮುನಿಗಳು ವಾಹನ ಹತ್ತದೆ ಊರಿಂದೂರಿಗೆ ಬರಿಗಾಲಲ್ಲಿ ಹೋಗುವುದು ಕೂಡ ವಿಹಾರವೇ. ಈ ಪದಗಳೆಲ್ಲ ಯಾಕೆ ನಡೆಯುತ್ತಾರೆ ಅಂತ ಹೇಳ್ತವೆ: ಹರಕೆ, ಖುಷಿ, ವ್ರತ. ಟ್ರಡ್ಜ್ ‘ಯಾಕೆ’ ಹೇಳುವುದಿಲ್ಲ. ಹೇಗೆ ನಡೆಯುತ್ತಾರೆ ಅಂತ ಮಾತ್ರ ಹೇಳ್ತದೆ.

ಈ ವ್ಯತ್ಯಾಸ ಬರೀ ವ್ಯಾಕರಣದ ವಿಷಯ ಅಲ್ಲ. 2020ರ ಮಾರ್ಚ್ 25ರಿಂದ ದೇಶ ಲಾಕ್‌ಡೌನ್ ಆದಾಗ ಬಸ್ಸು, ರೈಲು ಇಲ್ಲದೆ ಕಾರ್ಮಿಕರು ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ನೂರಾರು ಕಿ.ಮೀ. ನಡೆದ್ರು. ಅದು ಚಾರಣ ಅಲ್ಲ, ಯಾವ ಹರಕೆಯ ಯಾತ್ರೆಯೂ ಅಲ್ಲ. ಅದನ್ನು ‘ಪಾದಯಾತ್ರೆ’ ಅಂತ ಕರೆದ್ರೆ, ಅವರೇ ಬಯಸಿ ಹೊರಟ ಹಾಗೆ ಕೇಳ್ತದೆ. ಟ್ರಡ್ಜ್ ಅಂದ್ರೆ ಕಣ್ಣು ನೇರ ಕಾಲಿಗೆ ಹೋಗ್ತದೆ, ಬೊಬ್ಬೆ ಎದ್ದ ಪಾದಕ್ಕೆ ಹೋಗ್ತದೆ.

ಇನ್ನು ದಾರಿಯಲ್ಲಿ ಯಾರಾದ್ರೂ ನಡೆದು ಹೋಗುವುದು ಕಂಡ್ರೆ, ಅದಕ್ಕೆ ಹೆಸರು ಇಡುವ ಮೊದಲು ಅವರ ಹೆಜ್ಜೆ ನೋಡಿ. ಗಾಡಿ ಬದಿಗೆ ನಿಲ್ಲಿಸಿ ಒಂದು ಬಾಟಲಿ ನೀರು ಕೊಟ್ರೆ ಇನ್ನೂ ಒಳ್ಳೆಯದು. ಮುಂದಿನ ವಾರ ಇನ್ನೊಂದು ಪದದೊಂದಿಗೆ ಸಿಗುವ.