ಕಲ್ಲು ಬರೆದಿಟ್ಟ ಲೆಕ್ಕ

ಮುಂಬಯಿಯ ಅಂಧೇರಿಯಲ್ಲಿ, ರೈಲ್ವೆ ಹಳಿಯ ಪಶ್ಚಿಮ ಭಾಗದಲ್ಲಿ, ಮನೆಮಾಳಿಗೆಗಳ ನಡುವೆ ಸುಮಾರು 60 ಮೀಟರ್ ಎತ್ತರದ ಕರಿಬಂಡೆಯೊಂದು ನೆಟ್ಟಗೆ ನಿಂತಿದೆ. ಗಿಲ್ಬರ್ಟ್ ಹಿಲ್ ಎಂದು ಅದರ ಹೆಸರು. ಅದರ ನೆತ್ತಿಯ ಮೇಲಿರುವ ಗಾಂವ್‌ದೇವಿಯ ಗುಡಿಗೆ ಮೆಟ್ಟಿಲು ಹತ್ತಿ ಹೋಗುವವರು ಬಹುಮಂದಿ. ಬಂಡೆಯ ಮೈಯನ್ನು ದಿಟ್ಟಿಸಿ ನೋಡುವವರು ವಿರಳ. ಒಂದಕ್ಕೊಂದು ಒತ್ತಿ ನಿಲ್ಲಿಸಿದ ಕಂಬಗಳಂತೆ ಅದರ ಪಾರ್ಶ್ವಗಳು ತೋರುತ್ತವೆ. ಉಡುಪಿಯ ಕಡೆಯವರಿಗೆ ಈ ನೋಟ ಹೊಸದಲ್ಲ. ಮಲ್ಪೆಯ ಕಡಲಿನಲ್ಲಿರುವ ಸೇಂಟ್ ಮೇರಿಸ್ ದ್ವೀಪಗಳಲ್ಲಿಯೂ ಇಂತಹುದೇ ಶಿಲಾಸ್ತಂಭಗಳಿವೆ.

ಇವನ್ನು ಯಾವ ಶಿಲ್ಪಿಯೂ ಕಡೆದುದಲ್ಲ. ಭೂಗರ್ಭದಿಂದ ಹೊರಚೆಲ್ಲಿದ ಲಾವಾರಸವು ತಣ್ಣಗಾಗಿ ಗಟ್ಟಿಯಾಗುವಾಗ ಕುಗ್ಗುತ್ತದೆ. ಬೇಸಗೆಯಲ್ಲಿ ಕೆರೆಯ ತಳದ ಕೆಸರು ಒಣಗಿ ಐದಾರು ಮೂಲೆಗಳ ಹೆಂಟೆಗಳಾಗಿ ಬಿರಿಯುವಂತೆಯೇ ಕಲ್ಲೂ ಬಿರಿಯುತ್ತದೆ. ಬಿರುಕುಗಳು ಆಳಕ್ಕೆ ಇಳಿದಂತೆಲ್ಲ ಕಂಬಗಳು ರೂಪುಗೊಳ್ಳುತ್ತವೆ. ಆದುದರಿಂದ ಕಲ್ಲಿನ ಆಕಾರವೇ ಅದರ ಹುಟ್ಟಿನ ಬಗೆಯನ್ನು ಹೇಳುತ್ತದೆ. ಆದರೆ ಹುಟ್ಟಿದ ಕಾಲವನ್ನು ತಿಳಿಯುವುದು ಹೇಗೆ?

ಇದಕ್ಕೆ ಮೊದಲ ಸೂತ್ರವನ್ನು 1669ರಲ್ಲಿ ನಿಕೊಲಾಸ್ ಸ್ಟೆನೊ ಎಂಬ ಡೆನ್ಮಾರ್ಕಿನ ವಿದ್ವಾಂಸನು ಕೊಟ್ಟನು. ಒಂದರ ಮೇಲೊಂದು ಪದರಗಳಿದ್ದಲ್ಲಿ, ಅವು ತಲೆಕೆಳಗಾಗಿರದಿದ್ದರೆ, ಕೆಳಗಿನದು ಹಳೆಯದು, ಮೇಲಿನದು ಹೊಸದು. ಪದರಗಳ ನಡುವೆ ಸಿಕ್ಕ ಪಳೆಯುಳಿಕೆಗಳು ಆ ಕಾಲದ ಜೀವನವನ್ನು ತಿಳಿಸುತ್ತವೆ. ನಮ್ಮ ವರಳಿಯ ಉದಾಹರಣೆಯನ್ನೇ ನೋಡೋಣ. ಅಲ್ಲಿನ ಲಾವಾಶಿಲೆಗಳ ನಡುವಿನ ಜೇಡಿಪದರದಲ್ಲಿ ಪುಟ್ಟ ಕಪ್ಪೆಗಳ ಅಸ್ಥಿಪಂಜರಗಳು ದೊರೆತವು. 1847ರಲ್ಲಿ ಇಂಗ್ಲೆಂಡಿನ ರಿಚರ್ಡ್ ಓವೆನ್ ಅವುಗಳನ್ನು ವರ್ಣಿಸಿದನು. ಸಿಹಿನೀರಿನ ಆಮೆಯ ಅವಶೇಷಗಳೂ ಅಲ್ಲಿ ಸಿಕ್ಕಿವೆ. ಇಂತಹ ಜೀವಿಗಳ ನೆಲೆ ಸಮುದ್ರವಲ್ಲ. ಆದುದರಿಂದ ಇಂದು ಕಡಲತೆರೆಗಳು ಬಡಿಯುವ ವರಳಿಯಲ್ಲಿ, ಒಂದು ಲಾವಾಪ್ರವಾಹಕ್ಕೂ ಮತ್ತೊಂದಕ್ಕೂ ನಡುವಿನ ಬಿಡುವಿನಲ್ಲಿ, ಸಿಹಿನೀರಿನ ಕೆರೆಯೋ ಜೌಗೋ ಇದ್ದಿತೆಂದು ತಿಳಿಯುತ್ತದೆ.

ಆದರೆ ಪದರಗಳು ಹಿಂದುಮುಂದನ್ನು ಹೇಳುತ್ತವೆಯೇ ಹೊರತು ವರ್ಷಗಳನ್ನು ಎಣಿಸಿಕೊಡವು. ಆ ಕೆಲಸ ಮಾಡುವುದು ವಿಕಿರಣಶೀಲ ಧಾತುಗಳು. ವಾಣಿಜ್ಯಶಾಸ್ತ್ರ ಓದಿದ ನನ್ನಂಥವನಿಗೆ ಇದು ಪರಿಚಿತ ಲೆಕ್ಕವೇ ಆಗಿ ಕಂಡಿತು. ಯಂತ್ರದ ಬೆಲೆಯಲ್ಲಿ ವರ್ಷವರ್ಷವೂ ಉಳಿದ ಮೊತ್ತದ ಮೇಲೆ ಇಂತಿಷ್ಟು ಭಾಗ ಸವಕಳಿ ಕಳೆಯುತ್ತೇವಷ್ಟೆ? ಕಲ್ಲಿನಲ್ಲಿರುವ ಪೊಟ್ಯಾಸಿಯಂ-40 ಎಂಬ ಧಾತುವೂ ಹೀಗೆಯೇ ನಿಯತ ಪ್ರಮಾಣದಲ್ಲಿ ಸವೆಯುತ್ತದೆ. ಇದ್ದುದು ಅರ್ಧವಾಗಲು ಸುಮಾರು 125 ಕೋಟಿ ವರ್ಷ; ಉಳಿದುದರಲ್ಲಿ ಅರ್ಧ ಸವೆಯಲು ಮತ್ತೆ ಅಷ್ಟೇ ಕಾಲ. ಸವೆದುದರಲ್ಲಿ ಒಂದಂಶ ಆರ್ಗಾನ್ ಅನಿಲವಾಗುತ್ತದೆ. ಕಲ್ಲು ಕರಗಿ ಹರಿಯುವಾಗ ಈ ಅನಿಲ ಹೊರಟುಹೋಗುವುದರಿಂದ, ಗಟ್ಟಿಯಾದ ದಿನ ಆರ್ಗಾನಿನ ಖಾತೆ ಸೊನ್ನೆಯಿಂದ ಆರಂಭವಾಗುತ್ತದೆ. ಅನಂತರ ಸಂಗ್ರಹವಾದುದನ್ನು ಅಳೆದು, ಪೊಟ್ಯಾಸಿಯಂನೊಡನೆ ತಾಳೆ ನೋಡಿದರೆ ಖಾತೆ ತೆರೆದ ಕಾಲ ತಿಳಿಯುತ್ತದೆ.

ಈ ಬಗೆಯ ಲೆಕ್ಕಗಳಿಂದ ತಿಳಿದುಬಂದುದೇನು? ಮಲ್ಪೆಯ ಕಂಬಗಳ ವಯಸ್ಸು ಸುಮಾರು ಒಂಬತ್ತು ಕೋಟಿ ವರ್ಷ. ಭಾರತವು ಮಡಗಾಸ್ಕರಿನಿಂದ ಬೇರ್ಪಟ್ಟ ಕಾಲದವು. ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿರುವ ದಖನ್ನಿನ ಲಾವಾಶಿಲೆಯ ಬಹುಭಾಗ ಹೊರಬಂದುದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಗಿಲ್ಬರ್ಟ್ ಹಿಲ್ ಕೂಡ ಅದೇ ಕಾಲದ್ದೆಂದು ಭಾವಿಸುವುದು ಸಹಜ. ಆದರೆ 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರ ವಯಸ್ಸು ಸುಮಾರು 6 ಕೋಟಿ 5 ಲಕ್ಷ ವರ್ಷವೆಂದು ಕಂಡುಬಂದಿತು. ಮಹಾಪ್ರವಾಹ ನಿಂತು ಐವತ್ತು ಲಕ್ಷ ವರ್ಷಗಳಾದ ಮೇಲೂ ಮುಂಬಯಿಯಲ್ಲಿ ಬೆಂಕಿ ಆರಿರಲಿಲ್ಲ ಎಂದಾಯಿತು. ನೋಡಲು ಒಂದೇ ಬಗೆಯ ಕಂಬಗಳು. ಕಾಲ ಮಾತ್ರ ಬೇರೆ ಬೇರೆ.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಊಹೆಯನ್ನು ತಿದ್ದಲು ಸಾಧ್ಯವಾದುದು ಪರೀಕ್ಷಿಸಲು ಕಲ್ಲು ಉಳಿದಿದ್ದುದರಿಂದ. ಹಿಂದೆ ಈ ಗುಡ್ಡ ಇನ್ನೂ ವಿಸ್ತಾರವಾಗಿತ್ತು. ಜಲ್ಲಿಗಾಗಿ ಅದನ್ನು ಒಡೆದು ಒಡೆದು ಇಷ್ಟಕ್ಕೆ ತಂದಿದ್ದೇವೆ. 2007ರಲ್ಲಿ ಮುಂಬಯಿ ಮಹಾನಗರಪಾಲಿಕೆಯು ಅದನ್ನು ಪಾರಂಪರಿಕ ತಾಣಗಳ ಎರಡನೆಯ ದರ್ಜೆಗೆ ಸೇರಿಸಿತು. ಬ್ಯಾಂಕಿನಲ್ಲಿ ಒಂದು ರಸೀತಿ ಕಳೆದರೆ ಅದರ ನಕಲನ್ನು ಎಲ್ಲಿಯಾದರೂ ಹುಡುಕಬಹುದು. ಒಡೆದು ರಸ್ತೆಗೆ ಸುರಿದ ಗುಡ್ಡಕ್ಕೆ ನಕಲಿಲ್ಲ.

ಊರಿಗೆ ಹೋದಾಗ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತ ಬಂಡೆಯ ಮೇಲೆ ಕುಳಿತು ವಿಶ್ರಮಿಸಿದವರು ನಮ್ಮಲ್ಲಿ ಎಷ್ಟೋ ಮಂದಿ. ಅದು ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ. ಅದರ ಮುಂದೆ ನಮ್ಮ ಗಿಲ್ಬರ್ಟ್ ಹಿಲ್ ಎಳೆಯ ಕೂಸು. ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಈ ಕೂಸನ್ನು ಒಮ್ಮೆ ತೋರಿಸಿ ಬನ್ನಿರಿ. ಕಂಡು ಅರಿತ ವಸ್ತುವನ್ನು ಕಾಪಾಡಬೇಕೆಂಬ ಬುದ್ಧಿ ಅವರಲ್ಲಿ ತಾನಾಗಿಯೇ ಮೂಡೀತು.